ಫೈಬರ್ ಬಂತು, ವಿಳಾಸ ಬರಲಿಲ್ಲ

ತೋಟದ ಮನೆಗೆ ಕ್ಯಾಮೆರಾ ಹಾಕಿಸಿದವರು ನಮ್ಮ ಹೋಬಳಿಯಲ್ಲಿ ಈಗ ಬೇಕಾದಷ್ಟು ಜನ. ಹಳೇ ಕಂಪ್ಯೂಟರಿನಲ್ಲಿ ಊರ ಜಾತ್ರೆ, ನಾಟಕದ ಫೋಟೊ ತುಂಬಿಟ್ಟು, ಅದನ್ನು ಮನೆಯಿಂದಲೇ ಬೆಂಗಳೂರು, ದುಬೈನಲ್ಲಿರುವ ಊರವರಿಗೆ ತೋರಿಸಬೇಕು ಅನ್ನೋ ಹುಡುಗರೂ ಇದ್ದಾರೆ. ಎಲ್ಲರದೂ ಒಂದೇ ದೂರು: ನಿನ್ನೆ ತೆರೆದ ವಿಳಾಸ ಇವತ್ತು ತೆರೆಯಲ್ಲ.

ನಿಮ್ಮ ರೂಟರಿಗೆ ಕಂಪನಿ ಕೊಡುವ ಐಪಿ ನಂಬರು ಸಾಮಾನ್ಯವಾಗಿ ಕಾಯಂ ಅಲ್ಲ. ಕರೆಂಟು ಹೋಗಿ ಬಂದರೆ ಬೇರೆ ನಂಬರು ಬರಬಹುದು. ನಮ್ಮ ಕಡೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಇದಕ್ಕೆ ಮದ್ದು ಡೈನಾಮಿಕ್ ಡಿಎನ್‌ಎಸ್. ಮನೆಯ ರೂಟರಿನಲ್ಲೋ ಕಂಪ್ಯೂಟರಿನಲ್ಲೋ ಇರುವ ಒಂದು ಚಿಕ್ಕ ಪ್ರೋಗ್ರಾಂ, ನಂಬರು ಬದಲಾದ ಕೂಡಲೇ ಹೆಸರು ನೋಡಿಕೊಳ್ಳುವ ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ. ಜನ ಹೆಸರು ಒತ್ತಿದರೆ ಸಾಕು, ಹೊಸ ನಂಬರಿಗೆ ಬರುತ್ತಾರೆ. ಹೆಸರಿನ ಟಿಟಿಎಲ್ 60 ಸೆಕೆಂಡಿನಷ್ಟು ಕಡಿಮೆ ಇಡಿ. ಹೆಚ್ಚಿಟ್ಟರೆ ಹಳೇ ನಂಬರನ್ನೇ ನೆನಪಿಟ್ಟುಕೊಂಡವರು ಅಷ್ಟು ಹೊತ್ತು ಖಾಲಿ ಬಾಗಿಲು ತಟ್ಟುತ್ತಿರುತ್ತಾರೆ.

ಡಕ್‌ಡಿಎನ್‌ಎಸ್‌ನಂಥವು ಈ ಕೆಲಸ ಬಿಟ್ಟಿ ಮಾಡಿಕೊಡುತ್ತವೆ. ಬಳಸಿ, ಆದರೆ ಅವರು ಕೊಟ್ಟ ಹೆಸರನ್ನೇ ಊರಿಗೆಲ್ಲ ಹಂಚಬೇಡಿ ಅನ್ನೋದು ನನ್ನ ವಾದ. ಒಂದು ಕಾಲಕ್ಕೆ ಎಲ್ಲರೂ ಬಳಸುತ್ತಿದ್ದ ಡಿನ್‌ಡಿಎನ್‌ಎಸ್ 2014ರಲ್ಲಿ ಬಿಟ್ಟಿ ಸೇವೆ ನಿಲ್ಲಿಸಿತು. ನಿಮ್ಮದೇ ಒಂದು ಡಾಟ್ ಇನ್ ಹೆಸರು ಕೊಂಡು, ಸಿನೇಮ್ ದಾಖಲೆಯಿಂದ ಅದನ್ನು ಬಿಟ್ಟಿ ಹೆಸರಿನ ಕಡೆಗೆ ತಿರುಗಿಸಿ. ನಾಳೆ ಆ ಸೇವೆ ಮುಚ್ಚಿದರೂ ಬದಲಿಸಬೇಕಾದ್ದು ಒಂದೇ ಸಾಲು. ಜನರ ಬಾಯಲ್ಲಿರುವ ಹೆಸರು ಹಾಗೇ ಇರುತ್ತದೆ.

ಇಷ್ಟೆಲ್ಲ ಮಾಡಿದರೂ ತೆರೆಯದಿದ್ದರೆ? ರೂಟರಿನ ಪುಟದಲ್ಲಿ ವ್ಯಾನ್ ಐಪಿ ನೋಡಿ. 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಆ ನಂಬರು ಹೊರಗಿನಿಂದ ಕಾಣುವಂಥದ್ದಲ್ಲ. ಒಂದು ಹೊರ ನಂಬರನ್ನು ಹತ್ತಾರು ಮನೆಗೆ ಹಂಚಿರುತ್ತಾರೆ. ಸಿಜಿನ್ಯಾಟ್ ಅಂದರೆ ಇದೇ. ಇಲ್ಲಿ ಡೈನಾಮಿಕ್ ಡಿಎನ್‌ಎಸ್ ಕೆಲಸಕ್ಕೆ ಬಾರದು.

ಹಳೇ ಮಾದರಿಯ ನಂಬರು ಜಗತ್ತಿಗೆಲ್ಲ ಸೇರಿ ಇರೋದೇ ಸುಮಾರು 430 ಕೋಟಿ. ಜಾಗತಿಕ ದಾಸ್ತಾನು 2011ರಲ್ಲೇ ಮುಗಿಯಿತು. ಈಗ ಭಾರತ್‌ನೆಟ್ ಅನ್ನಿಸಿಕೊಂಡಿರುವ ಹಳ್ಳಿ ಫೈಬರ್ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ. ನಾವು ಪಂಕ್ತಿಗೆ ಕೂರುವ ಹೊತ್ತಿಗೆ ಪಾಯಸ ಖಾಲಿ!

ಕೊರತೆ ನಿಜ, ಒಪ್ಪೋಣ. ಆದರೆ ಅದನ್ನು ಮೊದಲೇ ಹೇಳಲು ಏನು ಅಡ್ಡಿ? ನಮ್ಮ ಮನೆಗೆ ಕನೆಕ್ಷನ್ ಕೊಟ್ಟವರು "ಎಲ್ಲಾ ಬರುತ್ತೆ ಸರ್" ಅಂದರು. ಆಮೇಲೆ ಕೇಳಿದರೆ ಪಬ್ಲಿಕ್ ಐಪಿಗೆ ಬೇರೆ ದುಡ್ಡು. ಸ್ಪೀಡು ಎಷ್ಟು ಅಂತ ದೊಡ್ಡಕ್ಷರದಲ್ಲಿ ಬರೆಯುವವರು ಇದನ್ನೂ ಪಾಂಪ್ಲೆಟ್‌ನಲ್ಲಿ ಬರೆಯಲಿ.

ಐಪಿವಿ6 ಇದ್ದರೆ ದಾರಿಯಿದೆ, ಅಲ್ಲಿ ನಂಬರಿಗೆ ಬರವಿಲ್ಲ. ಅದೂ ಬದಲಾಗಬಹುದು, ಹಾಗಾಗಿ ಡೈನಾಮಿಕ್ ಡಿಎನ್‌ಎಸ್‌ನಲ್ಲಿ ಎಎಎಎ ದಾಖಲೆ ಹಾಕಿ, ರೂಟರಿನ ಫೈರ್‌ವಾಲ್‌ನಲ್ಲಿ ಬೇಕಾದ ಬಾಗಿಲು ಮಾತ್ರ ತೆರೆಯಿರಿ. ನೋಡುವವರ ಬಳಿಯೂ ಐಪಿವಿ6 ಇರಬೇಕು. ಕ್ಯಾಮೆರಾವನ್ನು ಮಾತ್ರ ಹೀಗೆ ನೇರವಾಗಿ ತೆರೆದಿಡಬೇಡಿ. ಡಬ್ಬಿಯಲ್ಲಿ ಬಂದ ಪಾಸ್‌ವರ್ಡು ನಿಮಗೊಬ್ಬರಿಗೇ ಗೊತ್ತಿರುವುದಲ್ಲ. ಅದಕ್ಕೆ ವಿಪಿಎನ್ ಹಾಕಿಸಿ.

ಹೊಸ ಕನೆಕ್ಷನ್ ತಗೊಳ್ಳುವವರು ಮುಂಗಡ ಕೊಡುವ ಮೊದಲೇ ಎರಡು ಮಾತು ಕೇಳಿ: ಪಬ್ಲಿಕ್ ಐಪಿ ಸಿಗುತ್ತಾ? ಐಪಿವಿ6 ಆನ್ ಇದೆಯಾ? ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.