ಒಂದು ದಿನ ತಡವಾಗಿ ತಲಪುವ ಸತ್ಯ

1972ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಅವರ ವೀಟೊವನ್ನೂ ಮೀರಿ ಅಮೆರಿಕದ ಕಾಂಗ್ರೆಸ್ ಶುದ್ಧ ನೀರಿನ ಕಾಯ್ದೆಯನ್ನು ಜಾರಿಗೆ ತಂದಿತು. 1983ರ ಹೊತ್ತಿಗೆ ದೇಶದ ನೀರು ಈಜುವುದಕ್ಕೂ ಮೀನು ಹಿಡಿಯುವುದಕ್ಕೂ ತಕ್ಕುದಾಗಬೇಕು ಎಂಬ ಗುರಿ ಅದರಲ್ಲಿತ್ತು. ಆ ವರ್ಷ ಬಂತು, ಹೋಯಿತು. ಕೊಳಚೆ ಮಾತ್ರ ಕಡಲು ಸೇರುತ್ತಲೇ ಇತ್ತು. ಮರುವರ್ಷ ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಸರ್ಫಿಂಗ್ ಮಾಡುವ ಕೆಲವರು ಸೇರಿ ಸರ್ಫ್‌ರೈಡರ್ ಫೌಂಡೇಶನ್ ಕಟ್ಟಿದರು. ನೀರು ಕೆಟ್ಟರೆ ಮೊದಲು ತಿಳಿಯುವುದು ಅದರಲ್ಲೇ ಬಿದ್ದು ಏಳುವವರಿಗೆ ತಾನೆ? ಹಂಬೋಲ್ಟ್ ಕೊಲ್ಲಿಯ ಬಳಿಯ ಎರಡು ಕಾಗದದ ತಿರುಳಿನ ಕಾರ್ಖಾನೆಗಳನ್ನು ಅವರು ಕೋರ್ಟಿಗೆಳೆದರು. 1991ರಲ್ಲಿ ಅವು 58 ಲಕ್ಷ ಡಾಲರ್ ದಂಡ ತೆರಬೇಕಾಯಿತು.

90ರ ದಶಕದಲ್ಲಿ ಈ ಸಂಸ್ಥೆಯ ಸ್ವಯಂಸೇವಕರು ತಾವೇ ನೀರಿನ ಪರೀಕ್ಷೆಗಿಳಿದರು. ಸರ್ಕಾರಿ ಸಿಬ್ಬಂದಿ ಹೋಗದ ಅಳಿವೆ, ಮಳೆನೀರಿನ ಚರಂಡಿಯ ಬಾಯಿ, ಪ್ರವಾಸಿಗರಿಲ್ಲದ ಚಳಿಗಾಲದ ದಂಡೆ ಅವರ ಪಾಲಿಗೆ ಬಂದವು. ಮಾದರಿ ತುಂಬಿಕೊಂಡು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತರುವುದು, ಪುಡಿ ಬೆರೆಸಿ ಗುಳಿಗಳುಳ್ಳ ತಟ್ಟೆಗೆ ಸುರಿದು 41 ಡಿಗ್ರಿ ಶಾಖದಲ್ಲಿ ಒಂದು ದಿನ ಬಿಡುವುದು, ಅತಿನೇರಳೆ ಬೆಳಕಿನಲ್ಲಿ ಎಷ್ಟು ಗುಳಿ ಹೊಳೆಯುತ್ತವೆಂದು ಎಣಿಸುವುದು. ಅಷ್ಟು ಹೊಳಪು ಅಷ್ಟು ಎಂಟೆರೊಕಾಕಸ್ ಬ್ಯಾಕ್ಟೀರಿಯಾ, ಎಂದರೆ ಮಲದ ಸುಳಿವು. ಲೆಕ್ಕ ಕೈಗೆ ಬರುವಷ್ಟರಲ್ಲಿ ನಿನ್ನೆಯ ಮಕ್ಕಳು ಈಜಿ ಮನೆ ಸೇರಿರುತ್ತಿದ್ದರು.

2000ದಲ್ಲಿ ಬೀಚ್ ಕಾಯ್ದೆ ಬಂದಾಗ ಇನ್ನು ಹೊರೆ ಇಳಿಯಿತು ಎನಿಸಿತ್ತು. ಕರಾವಳಿ ಮತ್ತು ಮಹಾಸರೋವರಗಳ ರಾಜ್ಯಗಳಿಗೆ ಪರೀಕ್ಷೆಗೆಂದು ವರ್ಷಕ್ಕೆ 3 ಕೋಟಿ ಡಾಲರ್‌ವರೆಗೆ ಕೊಡಲು ಅವಕಾಶವಿತ್ತು. ಕೈಗೆ ಬಂದದ್ದು ಅದರ ಮೂರನೆಯ ಒಂದು ಪಾಲಿನ ಆಸುಪಾಸು. ಐದು ವರ್ಷದೊಳಗೆ ಬರಬೇಕಿದ್ದ ಹೊಸ ಮಾನದಂಡ 2012ರಲ್ಲಿ, ಅದೂ ಕೋರ್ಟು ಹತ್ತಿಳಿದ ಮೇಲೆ, ಬಂತು. ಗಳಿಕೆಯೇ ಇಲ್ಲವೆಂದಲ್ಲ. ಗುಟ್ಟಾಗಿದ್ದ ಅಂಕಿ ಊರವರ ಮಾತಾಯಿತು. 2022ರಲ್ಲಿ ಸ್ಯಾನ್ ಡಿಯೇಗೊ ಕೌಂಟಿ ಡಿಎನ್‌ಎ ಪರೀಕ್ಷೆಗೆ ಹೊರಳಿ, ಫಲಿತಾಂಶ ಅದೇ ದಿನ ಸಿಗುವಂತೆ ಮಾಡಿತು. ಆದರೆ ಅದೇ ಕೌಂಟಿಯ ಇಂಪೀರಿಯಲ್ ಬೀಚ್, ಗಡಿಯಾಚೆಯ ಟಿಹುವಾನದ ಕೊಳಚೆಯಿಂದ 2021ರ ಡಿಸೆಂಬರ್‌ನಲ್ಲಿ ಮುಚ್ಚಿದ್ದು, ಸಾವಿರ ದಿನ ಕಳೆದರೂ ತೆರೆಯಲಿಲ್ಲ. ಎಣಿಕೆ ಚುರುಕಾಯಿತು, ಕೊಳವೆ ದುರಸ್ತಿಯಾಗಲಿಲ್ಲ.

ಲೆಕ್ಕ ಕೂಡಿ ಕಳೆದರೆ ಉಳಿಯುವ ವಿಷಾದ ಇದೇ. ಸರ್ಕಾರ ಕಣ್ಣು ತೆರೆಯುವ ತನಕ ಎಂದು ಹೊರಟವರ ದುಡಿಮೆ, ಸರ್ಕಾರ ಕಣ್ಣು ಮುಚ್ಚಿರಲು ನೆಪವೂ ಆಯಿತು. ಜ್ವರ ನೋಡುವುದು ಮದ್ದು ಕೊಟ್ಟಂತಲ್ಲ.

ನಮ್ಮ ಕಾಸರಕೋಡು, ಪಡುಬಿದ್ರಿ ಕಡಲತೀರಗಳಿಗೆ 2020ರಲ್ಲಿ ಸ್ವಚ್ಛ ತೀರದ ಗುರುತಾದ ನೀಲಿ ಬಾವುಟ ಬಂದಾಗ ನಾವೆಲ್ಲ ಹಿಗ್ಗಿದೆವು. ಆ ಬಾವುಟದ ಷರತ್ತಿನಂತೆ ಅಲ್ಲಿನ ನೂರು ಮಿಲಿಲೀಟರ್ ನೀರಿನಲ್ಲಿ ಎಂಟೆರೊಕಾಕಸ್ 100ನ್ನು, ಇ. ಕೋಲೈ 250ನ್ನು ಮೀರಕೂಡದು. ಫಲಿತಾಂಶ ಫಲಕದ ಮೇಲಿರಬೇಕು. ಮುಂದಿನ ಸಲ ಹೋದಾಗ ಬಾವುಟದೊಡನೆ ಫೋಟೊ ತೆಗೆಸಿಕೊಳ್ಳುವ ಮುನ್ನ ಫಲಕ ಓದಿ. ಅಂಕಿ ಹಳೆಯದಾಗಿದ್ದರೆ, ಕೇಳಿ.