ಅಂಕಪಟ್ಟಿಯಲ್ಲಿ ಸೇರದ ಹೆಸರುಗಳು

ಕಳೆದ ಮಳೆಗಾಲದಲ್ಲಿ ನಮ್ಮ ಧರ್ಮಕೇಂದ್ರದ ವೃದ್ಧರೊಬ್ಬರ ಅಂತ್ಯಕ್ರಿಯೆಯನ್ನು ನಾವು ನೆರವೇರಿಸಬೇಕಾಯಿತು. ಪ್ರಬೋಧನೆಯಲ್ಲಿ ಹೇಳಲೆಂದು ಮೃತರ ವಿಷಯ ಕೇಳಿದಾಗ ಮಕ್ಕಳು, "ಅಪ್ಪ ಶಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದರು ಫಾದರ್, ನಿವೃತ್ತರಾಗಿ ಬಹಳ ವರ್ಷಗಳಾದವು" ಎಂದಷ್ಟೇ ತಿಳಿಸಿದರು. ನಮಗೆ ಅದಕ್ಕಿಂತ ಹೆಚ್ಚು ಗೊತ್ತಿತ್ತು. ಆದರೂ ಮಳೆಯ ಅವಸರದಲ್ಲಿ ವಾಡಿಕೆಯ ನಾಲ್ಕು ಮಾತುಗಳನ್ನಾಡಿ ಮುಗಿಸಿದೆವು. ಆ ಲೋಪದ ಅರಿವೇ ಈ ಬರಹಕ್ಕೆ ಕಾರಣ.

ನಾವು ಹತ್ತು ಹನ್ನೆರಡರ ಬಾಲಕರಾಗಿದ್ದಾಗ, ಶಾಲೆಯ ಹಿಂದಿನ ಮಣ್ಣಿನ ಅಂಗಳದಲ್ಲಿ ಸಂಜೆ ಬಾಸ್ಕೆಟ್‌ಬಾಲ್ ನಡೆಯುತ್ತಿತ್ತು. ಗೆರೆಗಳನ್ನು ಸುಣ್ಣದಿಂದ ಎಳೆಯುತ್ತಿದ್ದರು; ಹಲಗೆ ಮರದ್ದು; ಬಳೆಗೆ ಬಲೆಯೇ ಇರಲಿಲ್ಲವಾದ್ದರಿಂದ ಚೆಂಡು ಒಳಗೆ ಹೋಯಿತೋ ಇಲ್ಲವೋ ಎಂಬ ವಾದ ದಿನವೂ ಇದ್ದದ್ದೇ. ಅಂತರರಾಷ್ಟ್ರೀಯ ನಿಯಮಗಳಲ್ಲಿ ಮೂರು ಅಂಕಗಳ ಗೆರೆ ಬಂದದ್ದು 1984ರಲ್ಲಿ. ಅದಕ್ಕೆ ಮೊದಲು ಎಷ್ಟು ದೂರದಿಂದ ಎಸೆದರೂ ಎರಡೇ ಅಂಕ. ಆ ಮಾಸ್ತರರು ಬರಿಗಾಲಿನಲ್ಲಿ ಆಡುತ್ತಿದ್ದರು. ಅವರು ಬುಟ್ಟಿಗೆ ಎಸೆದುದಕ್ಕಿಂತ ಇತರರ ಕೈಗೆ ಚೆಂಡು ದಾಟಿಸಿದುದೇ ಹೆಚ್ಚು. ಮರುದಿನ ಜನರ ಬಾಯಲ್ಲಿರುತ್ತಿದ್ದ ಹೆಸರು ಮಾತ್ರ ಎಸೆದವನದು.

ಈ ಮರೆವು ಆಟದ ಹುಟ್ಟಿನಿಂದಲೇ ಬಂದುದು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಇದನ್ನು ರೂಪಿಸಿದ ಜೇಮ್ಸ್ ನೈಸ್ಮಿತ್, ದೈವಶಾಸ್ತ್ರ ಓದಿ ಮುಗಿಸಿದ್ದ ಮೂವತ್ತರ ತರುಣ. ಆತನ ಹೆಸರನ್ನು ಲೋಕ ಬಲ್ಲದು. ಆತ ಬಯಸಿದ್ದು ಪೆಟ್ಟಿಗೆಗಳನ್ನು. ಅವು ದೊರೆಯದಿದ್ದಾಗ ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ತಂದುಕೊಟ್ಟವನು ಕಟ್ಟಡದ ಜವಾನ. ಆ ಬುಟ್ಟಿಗಳಿಂದಲೇ ಆಟಕ್ಕೆ ಹೆಸರು ಬಂತು. ಬುಟ್ಟಿ ತಂದವನನ್ನು ಬಲ್ಲವರು ವಿರಳ. ಪಕ್ಷಕ್ಕೆ ಒಂಬತ್ತು ಮಂದಿಯಂತೆ ನಡೆದ ಮೊದಲ ಪಂದ್ಯದಲ್ಲಿ ಬಿದ್ದದ್ದು ಒಂದೇ ಬುಟ್ಟಿ, ಅದು ವಿಲಿಯಂ ಚೇಸ್ ಎಂಬವನದು. ಬುಟ್ಟಿಗೆ ತಳವಿದ್ದುದರಿಂದ ಚೆಂಡನ್ನು ಮೇಲೇರಿ ತೆಗೆಯಬೇಕಿತ್ತು. ಹಾಗೆ ತೆಗೆದುಕೊಟ್ಟವರ ಹೆಸರನ್ನು ಯಾರು ಕೇಳಿದ್ದಾರೆ?

ನಮ್ಮ ದಕ್ಷಿಣ ಭಾರತದ ಕತೆಯೂ ಭಿನ್ನವಲ್ಲ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿನಲ್ಲಿ ದೈಹಿಕ ಶಿಕ್ಷಣದ ವೈ.ಎಂ.ಸಿ.ಎ. ಕಾಲೇಜನ್ನು ಆರಂಭಿಸಿದರು. ಅಲ್ಲಿ ಕಲಿತ ಮಾಸ್ತರರು ಊರೂರಿನ ಶಾಲೆಗಳಿಗೆ ಸೀಟಿಯನ್ನೂ ಚೆಂಡನ್ನೂ ಕೊಂಡೊಯ್ದರು. 1980ರಲ್ಲಿ ಹಲವು ರಾಷ್ಟ್ರಗಳು ಮಾಸ್ಕೋ ಒಲಿಂಪಿಕ್ಸನ್ನು ಬಹಿಷ್ಕರಿಸಿದಾಗ ಭಾರತದ ಪುರುಷರ ತಂಡಕ್ಕೆ ಅಲ್ಲಿ ಆಡುವ ಅವಕಾಶ ಒದಗಿತು. ಒಂದು ಪಂದ್ಯವನ್ನೂ ಗೆಲ್ಲಲಾಗಲಿಲ್ಲ. ಆದರೂ ಒಲಿಂಪಿಕ್ಸಿನಲ್ಲಿ ನಮ್ಮ ಬಾಸ್ಕೆಟ್‌ಬಾಲ್ ತಂಡ ಕಾಣಿಸಿಕೊಂಡದ್ದು ಇಂದಿನವರೆಗೆ ಅದೊಂದೇ ಸಲ. ಆ ತಂಡದ ಅಜ್ಮೇರ್ ಸಿಂಗ್ ಅವರಿಗೆ 1982ರಲ್ಲಿ ಅರ್ಜುನ ಪ್ರಶಸ್ತಿ ಸಂದಿತು. ಅವರ ಹೆಸರನ್ನು ಇಂದಿನ ಎಷ್ಟು ಮಂದಿ ಯುವಕರು ಹೇಳಬಲ್ಲರು? ಅಮೆರಿಕದ ಆಟಗಾರರ ಹೆಸರು ಬೆನ್ನಿನ ಮೇಲಿರುವ ಅಂಗಿ ತೊಟ್ಟು ಉಪದೇಶ ತರಗತಿಗೆ ಬರುವ ನಮ್ಮ ಹುಡುಗರನ್ನು ಕೇಳಿ ನೋಡಿದೆವು; ಒಬ್ಬನಿಗೂ ತಿಳಿದಿರಲಿಲ್ಲ. ತಪ್ಪು ಅವರದಲ್ಲ, ಹೇಳಿಕೊಡದ ನಮ್ಮದು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವೀನಾಸರ ವಿಚಾರವೊಂದು ನಮಗೆ ಹಿಡಿಸಿತ್ತು. ದಣಿದ ದೇಹಕ್ಕೆ ವಿಶ್ರಾಂತಿ ಬೇಕಾದಂತೆ ದಣಿದ ಮನಸ್ಸಿಗೆ ಆಟವಿನೋದ ಬೇಕು. ಮಾತ್ರವಲ್ಲ, ತಾನೂ ನಲಿಯದೆ ಇತರರ ನಲಿವಿಗೂ ಅಡ್ಡಿಯಾಗುವುದು ಒಂದು ದೋಷ ಎಂದು ಅವರು ಎಣಿಸಿದ್ದರು. ಇದನ್ನೀಗ ನೆನೆಯಲು ಕಾರಣವಿದೆ. ನಮ್ಮ ದೇವಾಲಯದ ಮಗ್ಗುಲಿನ ಹಳೆಯ ಬಾಸ್ಕೆಟ್‌ಬಾಲ್ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಕಂಬಗಳನ್ನು ಕಿತ್ತು, ವಾಹನಗಳಿಗೆ ಬಿಡಬೇಕೆಂಬ ಸಲಹೆ ಪಾಲನಾ ಪರಿಷತ್ತಿನ ಮುಂದಿದೆ. ಭಾನುವಾರ ಕಾರು ನಿಲ್ಲಿಸಲು ಜಾಗವಿಲ್ಲವೆಂಬುದು ನಿಜ. ವೃದ್ಧರಿಗೆ ತೊಂದರೆಯಾಗುತ್ತಿರುವುದೂ ನಿಜ. ಮೊದಲ ಸಭೆಯಲ್ಲಿ ನಾವೂ ತಲೆಯಾಡಿಸಿದ್ದೆವು.

ಈಗ ನಮ್ಮ ಅಭಿಪ್ರಾಯ ಬೇರೆ. ಕಾರುಗಳಿಗೆ ಅಂಗಳ ಬೇಕಾಗಿರುವುದು ವಾರಕ್ಕೆ ಮೂರು ತಾಸು. ಆ ಮೂರು ತಾಸು ಅಲ್ಲಿ ಕಾರುಗಳೇ ನಿಲ್ಲಲಿ, ವೃದ್ಧರನ್ನು ಕರೆತಂದವರಿಗೆ ಮೊದಲ ಜಾಗ ಸಿಗಲಿ. ಉಳಿದ ಹೊತ್ತೆಲ್ಲ ಅದು ಮಕ್ಕಳದು. ಕಂಬಗಳು ಇದ್ದಲ್ಲಿಯೇ ಇರಲಿ. ಅಂಕಪಟ್ಟಿಯಲ್ಲಿ ಸೇರದ ಆ ಹಿರಿಯರಿಗೆ ನಾವು ಪ್ರಶಸ್ತಿ ಕೊಡಲಾರೆವು. ಅವರು ದಾಟಿಸಿದ ಚೆಂಡನ್ನು ಹಿಡಿಯುವ ಕೈಗಳನ್ನಾದರೂ ಉಳಿಸಿಕೊಳ್ಳಬಲ್ಲೆವು. ಮುಂದಿನ ಸಭೆಯಲ್ಲಿ ಇದನ್ನೇ ಹೇಳಲಿದ್ದೇವೆ. ಮಾಸ್ತರರ ವರ್ಷಾಂತಿಕ ಬಲಿಪೂಜೆಯಂದು, ಅಂದು ಬಿಟ್ಟುಹೋದ ಮಾತುಗಳನ್ನೂ ಅವರ ಮಕ್ಕಳ ಮುಂದೆ ಆಡಲಿದ್ದೇವೆ.