ನಾವಿಕನಿಲ್ಲದ ನಾವೆ

ಕಪ್ಪುಸಮುದ್ರದ ಯುದ್ಧವಾರ್ತೆಗಳು ಬಂದಂದಿನಿಂದ ವಿದ್ಯಾವಂತರಲ್ಲಿ ಒಂದು ವಾದವು ಬಲವಾಗಿ ಹಬ್ಬಿರುತ್ತದೆ. ದೊಡ್ಡ ಸಮರನೌಕೆಗಳ ಕಾಲವು ತೀರಿತು. ಇನ್ನು ಕಡಲಿನ ಕಾವಲಿಗೆ ನಾವಿಕರು ಬೇಡ, ಯಂತ್ರಗಳೇ ಸಾಕು ಎಂಬುದೇ ಆ ವಾದ. ವೆಚ್ಚವೂ ಕಡಮೆ, ತನ್ನವರ ಪ್ರಾಣಹಾನಿಯೂ ಇಲ್ಲವೆಂದು ಕೇಳುವುದಕ್ಕೆ ಇದು ಇಂಪಾಗಿಯೇ ಇದೆ. ಆದರೆ ಕಿವಿಗೆ ಇಂಪಾದುದೆಲ್ಲವೂ ಯುಕ್ತಿಗೆ ಒಪ್ಪತಕ್ಕದ್ದೆಂದು ಎಣಿಸಲಾಗದು.

ಮೊದಲು ಪೂರ್ವಪಕ್ಷದ ಬಲವನ್ನು ಕುಂದಿಸದೆ ಹೇಳಬೇಕು. ಉಕ್ರೇನ್ ದೇಶಕ್ಕೆ ಹೇಳಿಕೊಳ್ಳತಕ್ಕ ನೌಕಾಬಲವೇ ಇರಲಿಲ್ಲ. ಆದರೂ ಅದರ ಕ್ಷಿಪಣಿಗಳಿಗೂ ಆಳಿಲ್ಲದ ದೋಣಿಗಳಿಗೂ ಅಂಜಿ ರಷ್ಯವು ೨೦೨೩ರಲ್ಲಿಯೇ ತನ್ನ ಹಡಗುಗಳಲ್ಲಿ ಬಹುಭಾಗವನ್ನು ಸೆವಾಸ್ತೊಪೊಲಿನಿಂದ ನೊವೊರೊಸ್ಸಿಸ್ಕಿಗೆ ಸಾಗಿಸಿತು. ೨೦೨೪ನೆಯ ಫೆಬ್ರವರಿಯಲ್ಲಿ, ಸುಮಾರು ಐದೂವರೆ ಮೀಟರು ಉದ್ದದ ‘ಮಗುರಾ’ ದೋಣಿಗಳು ‘ಇವಾನೊವೆಟ್ಸ್’ ಎಂಬ ಕ್ಷಿಪಣಿನೌಕೆಯನ್ನೂ ‘ಸೀಸರ್ ಕುನಿಕೋವ್’ ಎಂಬ ಸೈನ್ಯವಾಹಕ ನೌಕೆಯನ್ನೂ ಮುಳುಗಿಸಿದವು. ಇದನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಇದರಿಂದ ಸಿದ್ಧವಾದುದೇನು? ಆ ದೋಣಿಗಳನ್ನು ದೂರದಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸಿದವರು ಮನುಷ್ಯರೇ. ಕಪ್ಪುಸಮುದ್ರವಾದರೋ ನೆಲವು ಸುತ್ತುವರಿದ ಕಿರುಗಡಲು. ಅಲ್ಲಿ ಸಾಧಿತವಾದುದು ಶತ್ರುವಿಗೆ ಕಡಲನ್ನು ನಿಷೇಧಿಸುವ ಕಾರ್ಯ. ನಿಷೇಧವು ಬೇರೆ, ರಕ್ಷಣೆಯು ಬೇರೆ. ಬೇಲಿಗೆ ಮುಳ್ಳು ಹಾಕಿದ ಮಾತ್ರಕ್ಕೆ ಹೊಲದಲ್ಲಿ ಬೆಳೆ ಬಂದಂತಾಗದು. ೨೦೨೨ನೆಯ ಸೆಪ್ಟೆಂಬರಿನಲ್ಲಿ ಕೆಂಪುಸಮುದ್ರದಲ್ಲಿದ್ದ ಅಮೆರಿಕದ ಎರಡು ಆಳಿಲ್ಲದ ದೋಣಿಗಳನ್ನು ಇರಾನಿನ ಸಮರನೌಕೆಯೊಂದು ಬೀಡಾಡಿ ದನಗಳನ್ನು ದೊಡ್ಡಿಗೆ ಹೊಡೆದಂತೆ ಹಿಡಿದುಕೊಂಡಿತು. ಬಿಡಿಸಿಕೊಳ್ಳುವುದಕ್ಕೆ ಆಳುಳ್ಳ ನೌಕೆಗಳೇ ಹೋಗಬೇಕಾಯಿತು.

ಇನ್ನು ಧರ್ಮದ ಮಾತು. ೧೯೮೨ರ ಸಮುದ್ರಕಾನೂನಿನ ಒಡಂಬಡಿಕೆಯ ೨೯ನೆಯ ವಿಧಿಯು ಸಮರನೌಕೆಯ ಲಕ್ಷಣವನ್ನು ಹೇಳುವಾಗ, ರಾಜ್ಯವು ನೇಮಿಸಿದ ಅಧಿಕಾರಿಯ ಆಜ್ಞೆಯನ್ನೂ ಶಿಸ್ತಿಗೊಳಪಟ್ಟ ನಾವಿಕರನ್ನೂ ಸೇರಿಸಿದೆ. ಹಳೆಯ ಲಕ್ಷಣವು ಹೊಸ ವಸ್ತುವಿಗೆ ಹೊಂದಲಿಲ್ಲವೆಂದು ನಗುವವರು, ಆ ಲಕ್ಷಣದೊಳಗೆ ಹೊಣೆಗಾರಿಕೆಯು ಅಡಗಿರುವುದನ್ನು ಕಾಣರು. ಹೋರಾಟವಾದೊಡನೆ ನೀರಿಗೆ ಬಿದ್ದವರನ್ನು, ಶತ್ರುಗಳಾದರೂ ಸರಿಯೇ, ಹುಡುಕಿ ಎತ್ತಬೇಕೆಂದು ೧೯೪೯ರ ಜಿನೀವಾ ಒಪ್ಪಂದವು ವಿಧಿಸುತ್ತದೆ. ಸಿಡಿದು ತಾನೇ ಚೂರಾಗುವ ದೋಣಿಯು ಯಾರಿಗೆ ಕೈ ನೀಡೀತು?

ಮನುಷ್ಯನೂ ತಪ್ಪುವನಲ್ಲವೇ ಎಂದು ಪೂರ್ವಪಕ್ಷಿಯು ಕೇಳಬಹುದು. ನಿಶ್ಚಯವಾಗಿ ತಪ್ಪುವನು. ೧೯೮೮ನೆಯ ಜುಲೈ ೩ರಂದು ಅಮೆರಿಕದ ‘ವಿನ್ಸೆನ್ಸ್’ ನೌಕೆಯವರು ಇರಾನಿನ ಪ್ರಯಾಣಿಕರ ವಿಮಾನವನ್ನು ಯುದ್ಧವಿಮಾನವೆಂದು ಬಗೆದು ಹೊಡೆದುರುಳಿಸಿದರು. ೨೯೦ ಜನರು ಸತ್ತರು. ವಿಮಾನವು ಮೇಲೇರುತ್ತಿದೆಯೆಂದು ಯಂತ್ರವು ಸರಿಯಾಗಿಯೇ ತೋರಿಸಿತ್ತು. ನೋಡಿದವರು ವಿಪರೀತವಾಗಿ ಗ್ರಹಿಸಿದರು. ಆದರೆ ಆ ದಿನದ ಅಪ್ಪಣೆ ಯಾರದೆಂದು ಲೋಕವು ಬಲ್ಲುದು. ತಪ್ಪಿಗೆ ದಂಡನೆಯಾಗದಿರುವುದು ಅನ್ಯಾಯ. ಕೇಳುವುದಕ್ಕೇ ಯಾರೂ ಇಲ್ಲದಿರುವುದು ಅದಕ್ಕಿಂತ ಘೋರವಾದ ಅನ್ಯಾಯ.

ಹಾಗಾದರೆ ಯಂತ್ರವು ತ್ಯಾಜ್ಯವೇ? ಎಂದಿಗೂ ಅಲ್ಲ. ಸಾಂಖ್ಯರ ಪಂಗ್ವಂಧನ್ಯಾಯವೇ ಇಲ್ಲಿ ದಾರಿ. ನಡೆಯಬಲ್ಲ ಕುರುಡನು ಕಾಣಬಲ್ಲ ಕುಂಟನನ್ನು ಹೊತ್ತರೆ ಇಬ್ಬರೂ ಊರು ಸೇರುವರು. ಯಂತ್ರಕ್ಕೆ ದಣಿವಿಲ್ಲ, ವಿವೇಕದ ಕಣ್ಣೂ ಇಲ್ಲ. ಮನುಷ್ಯನಿಗೆ ಕಣ್ಣಿದೆ, ದಣಿವೂ ಇದೆ. ೨೦೨೪ನೆಯ ಮಾರ್ಚಿಯಲ್ಲಿ ಕಡಲ್ಗಳ್ಳರ ವಶದಲ್ಲಿದ್ದ ‘ರುಯೆನ್’ ಹಡಗನ್ನು ಬಿಡಿಸುವಾಗ ಭಾರತದ ‘ಕೋಲ್ಕತಾ’ ನೌಕೆಯು ಮೊದಲು ಡ್ರೋನನ್ನು ಕಳುಹಿತು. ಅದು ಶಸ್ತ್ರಧಾರಿಗಳಾದ ಕಳ್ಳರನ್ನು ತೋರಿಸಿಕೊಟ್ಟಿತು. ಕಳ್ಳರು ಅದನ್ನು ಹೊಡೆದು ಕೆಡವಿದರು. ಮನುಷ್ಯನಿಗೆ ಬರಬಹುದಾಗಿದ್ದ ಗುಂಡು ಯಂತ್ರಕ್ಕೆ ಬಿತ್ತು. ಬಳಿಕ ೩೫ ಕಳ್ಳರನ್ನು ಶರಣಾಗತರನ್ನಾಗಿಸಿ, ೧೭ ನಾವಿಕರನ್ನು ಜೀವಸಹಿತ ಉಳಿಸಿದವರು ನೌಕಾದಳದ ಯೋಧರೇ.

ಕಾರವಾರದ ಕದಂಬ ನೌಕಾನೆಲೆಯನ್ನು ತನ್ನ ಕರಾವಳಿಯಲ್ಲಿ ಪಡೆದಿರುವ ನಾಡಿಗೆ ಈ ವಿಚಾರವು ದೂರದ್ದಲ್ಲ. ೨೦೨೪ನೆಯ ಅಕ್ಟೋಬರಿನಲ್ಲಿ ಭಾರತವು ಆಳಿಲ್ಲದ ೩೧ ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. ಅವುಗಳಲ್ಲಿ ೧೫ ನೌಕಾದಳದ ಪಾಲಿನವು. ಯಂತ್ರವನ್ನು ಕೊಂಡಷ್ಟೇ ಶ್ರದ್ಧೆಯಿಂದ ಅದನ್ನು ಆಳುವವರನ್ನೂ ಸಿದ್ಧಗೊಳಿಸಬೇಕು. ಯಂತ್ರವು ಮುಂದೆ ಓಡಲಿ, ಅಪಾಯಕ್ಕೆ ಮೊದಲು ಎದೆಯೊಡ್ಡಲಿ. ಕೊಲ್ಲುವ ಅಪ್ಪಣೆಯು ಮಾತ್ರ, ನಾಳೆ ಉತ್ತರ ಹೇಳಬೇಕಾದ, ಹೆಸರುಳ್ಳ ಮನುಷ್ಯನ ಬಾಯಿಂದಲೇ ಹೊರಡಲಿ.